ಬಾಣಂತಿಯ ಹೊಟ್ಟೆನೋವೆಲ್ಲ ವಾಯುವಲ್ಲ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟೀ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಸ್ಕ್ಯಾನ್ ರಿಪೋರ್ಟ್ ನೋಡಿದೆ. ಫೋನಿನಲ್ಲಿ ಮಾತಾಡೋಣವೆಂದರೆ ಪಾಪು ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅವನು ಮಲಗಿದಾಗ ಎರಡು ಮೂರು ಸಲಕ್ಕೆ ಓದಿ ಮುಗಿಸು. ಅಳಿಯಂದಿರಿಗೂ ಓದಲು ಕೊಡು.

ಮೊದಲು ಆ ಅಂಕಿಗಳ ವಿಷಯ. ಪಿತ್ತಕೋಶದಲ್ಲಿ ಹಲವು ಕಲ್ಲು, ದೊಡ್ಡದು 9 ಮಿ.ಮೀ. ಕೋಶದ ಗೋಡೆ 2.5 ಮಿ.ಮೀ.; ಅದು 3 ದಾಟಿದ್ದರೆ ಊತವೋ ಸೋಂಕೋ ಎಂದು ಅನುಮಾನಿಸಬೇಕಿತ್ತು. ಪಿತ್ತನಾಳ 4 ಮಿ.ಮೀ.; ನಿನ್ನ ವಯಸ್ಸಿಗೆ 6ರವರೆಗೆ ಸರಿ, ಹಾಗಾಗಿ ಕಲ್ಲು ಜಾರಿ ನಾಳಕ್ಕೆ ಅಡ್ಡ ನಿಂತಿರುವ ಲಕ್ಷಣ ಸದ್ಯಕ್ಕಿಲ್ಲ. ಕೋಶದ ಸುತ್ತ ನೀರು ಸೇರಿಲ್ಲ ಎಂದೂ ಬರೆದಿದ್ದಾರೆ. ಕಲ್ಲಿದೆ, ತೊಡಕು ಇನ್ನೂ ಆಗಿಲ್ಲ. ಆ 9 ಮಿ.ಮೀ. ಕಲ್ಲಿಗೆ ನೀನು ಹೆದರಿದ್ದೀಯ, ಆದರೆ ನನಗೆ ಹೆಚ್ಚು ಯೋಚನೆ ಇರುವುದು ಅದರ ಜೊತೆಗಿರುವ ಮೂರು ನಾಲ್ಕು ಮಿ.ಮೀ. ಕಲ್ಲುಗಳದ್ದು. ದೊಡ್ಡದು ಕೋಶದ ಬಾಯಿಗೆ ಅಡ್ಡ ಬಂದು ನೋವು ಕೊಡುತ್ತದೆ. ಸಣ್ಣದು ನುಸುಳಿ ನಾಳಕ್ಕಿಳಿದು ಕಾಮಾಲೆ ತರಬಹುದು, ಮೇದೋಜೀರಕ ಗ್ರಂಥಿಯ ಉರಿಯೂತವನ್ನೂ ತರಬಹುದು.

"ನನಗೆ ಪಿತ್ತ ಜಾಸ್ತಿ ಅಂತ ಚಿಕ್ಕಂದಿನಿಂದ ಹೇಳ್ತಿದ್ರಲ್ಲ, ಅದೇನಾ ಇದು?" ಎಂದು ನೀನು ಕೇಳಿದ್ದೆ. ಅಲ್ಲ. ತಲೆಸುತ್ತು ಬಂದರೂ ಪಿತ್ತ, ಬಸ್ಸಿನಲ್ಲಿ ವಾಂತಿಯಾದರೂ ಪಿತ್ತ ಎನ್ನುವುದು ನಮ್ಮ ಮಾತಿನ ರೂಢಿ. ಇಲ್ಲಿ ಹೇಳುತ್ತಿರುವ ಪಿತ್ತ, ಯಕೃತ್ತು ದಿನವೂ ಅರ್ಧದಿಂದ ಒಂದು ಲೀಟರಿನಷ್ಟು ತಯಾರಿಸುವ ಹಸಿರು-ಹಳದಿ ರಸ. ಅದರಲ್ಲಿ ಸುಮಾರು 30ರಿಂದ 50 ಮಿ.ಲೀ. ಮಾತ್ರ ಯಕೃತ್ತಿನ ಕೆಳಗಿನ ಸಣ್ಣ ಚೀಲದಲ್ಲಿ, ಅಂದರೆ ಪಿತ್ತಕೋಶದಲ್ಲಿ, ಗಟ್ಟಿಯಾಗಿ ಕೂತಿರುತ್ತದೆ. ಜಿಡ್ಡು ತಿಂದಾಗ ಚೀಲ ಹಿಂಡಿಕೊಂಡು ಅದನ್ನು ಕರುಳಿಗೆ ಬಿಡುತ್ತದೆ.

ಬಸಿರಿನಲ್ಲಿ ಎರಡು ಬದಲಾವಣೆ ಒಟ್ಟಿಗೆ ಆಗುತ್ತವೆ. ಈಸ್ಟ್ರೋಜನ್ ಏರಿ ಪಿತ್ತರಸದಲ್ಲಿ ಕೊಲೆಸ್ಟರಾಲ್ ಹೆಚ್ಚುತ್ತದೆ. ಪ್ರೊಜೆಸ್ಟರಾನ್ ಏರಿ ಚೀಲ ಸೋಮಾರಿಯಾಗುತ್ತದೆ, ಪೂರ್ತಿ ಹಿಂಡಿಕೊಳ್ಳುವುದಿಲ್ಲ. ನಿಂತ ರಸ ಮೊದಲು ಕೆಸರಾಗಿ, ಆಮೇಲೆ ಹರಳುಗಟ್ಟುತ್ತದೆ. ಹೆರಿಗೆಯಾದ ಮೇಲೆ ಹಾರ್ಮೋನು ಇಳಿದು ಚೀಲ ಮತ್ತೆ ಬಲವಾಗಿ ಹಿಂಡತೊಡಗುತ್ತದೆ. ಎಷ್ಟೋ ಹೆಂಗಸರಲ್ಲಿ ಆ ಕೆಸರು ತಾನಾಗಿ ಹೋಗಿಬಿಡುತ್ತದೆ, ತೀರಾ ಸಣ್ಣ ಕಲ್ಲೂ ಹೋಗುವುದುಂಟು. ಹೋಗದವರಿಗೆ ನೋವು ಶುರುವಾಗುವುದು ಇದೇ ತಿಂಗಳುಗಳಲ್ಲಿ. ಬಾಣಂತನ ಮುಗಿದ ಕೂಡಲೇ ತೂಕ ಇಳಿಸುತ್ತೇನೆಂದು ಊಟ ಬಿಟ್ಟರೆ ಕಲ್ಲಿಗೆ ಇನ್ನಷ್ಟು ಅನುಕೂಲ.

ಹಾಗಾಗಿ ಅಂಟಿನುಂಡೆಯಿಂದ ಕಲ್ಲು ಬಂತೇ ಎಂದು ಕೊರಗಬೇಡ. ಕಲ್ಲು ಬಸಿರಿನ ತಿಂಗಳುಗಳಲ್ಲೇ ಕೂಡಿಕೊಂಡಿದ್ದು. ಉಂಡೆಯ ತುಪ್ಪ, ಕೊಬ್ಬರಿ ಚೀಲವನ್ನು ಜೋರಾಗಿ ಹಿಂಡಿಸಿ ಇದ್ದ ಕಲ್ಲನ್ನು ಬಾಯಿಗೆ ತಂದು ನಿಲ್ಲಿಸಿತು, ಅಷ್ಟೇ. ಆದರೆ ಈಗ ಅದೇ ಉಂಡೆ ತಿನ್ನುವಂತಿಲ್ಲ. ಒಣಕೊಬ್ಬರಿಯ ನೂರು ಗ್ರಾಂನಲ್ಲಿ ಅರವತ್ತು ಗ್ರಾಂ ಮೀರಿ ಕೊಬ್ಬೇ ಇದೆ. ಉಳಿದ ಡಬ್ಬಿಯನ್ನು ಮನೆಯವರೆಲ್ಲ ಹಂಚಿಕೊಂಡು ತಿನ್ನಲಿ.

ನಿನ್ನ ನೋವಿನ ನಡೆಯೇ ಇದು ವಾಯುವಲ್ಲ ಎಂದು ಹೇಳುತ್ತಿತ್ತು. ಊಟವಾದ ಒಂದೆರಡು ಗಂಟೆಗೆ, ಹೆಚ್ಚಾಗಿ ರಾತ್ರಿ, ಎದೆಗೂಡಿನ ಕೆಳಗೆ ನಡುವೆಯೋ ಬಲಕ್ಕೋ ಹಿಡಿದುಕೊಳ್ಳುತ್ತದೆ. ಬಲ ಹೆಗಲ ಹಲಗೆಯ ಕಡೆಗೆ ಎಳೆಯುತ್ತದೆ. ಅರ್ಧ ಗಂಟೆಯಿಂದ ಕೆಲವು ಗಂಟೆಗಳವರೆಗೆ ಒಂದೇ ಸಮ ಇರುತ್ತದೆ. ತೇಗಿದರೂ, ಹೊರಳಿದರೂ, ಬಯಲಿಗೆ ಹೋಗಿ ಬಂದರೂ, ಗ್ಯಾಸಿನ ಗುಲಾಬಿ ಔಷಧಿ ಕುಡಿದರೂ ಬಗ್ಗುವುದಿಲ್ಲ. ಆಮೇಲೆ ಏನೂ ಆಗಿಲ್ಲವೆಂಬಂತೆ ಬಿಟ್ಟುಹೋಗುತ್ತದೆ, ಬೆಳಿಗ್ಗೆ ಡಾಕ್ಟರ ಮುಂದೆ ತೋರಿಸಲು ಏನೂ ಉಳಿದಿರುವುದಿಲ್ಲ. ಬಾಣಂತಿಗಂತೂ ಎಲ್ಲದಕ್ಕೂ ಒಂದು ಕಾರಣ ಸಿದ್ಧವಿರುತ್ತದೆ: ತಣ್ಣೀರು ಮುಟ್ಟಿದ್ದಕ್ಕೆ ವಾಯು, ಬಗ್ಗಿ ಹಾಲು ಕುಡಿಸಿದ್ದಕ್ಕೆ ಬೆನ್ನುನೋವು. ಹೀಗೆ ವಾರಗಳು ಕಳೆಯುವುದು ನನಗೆ ತುಂಬಾ ಬೇಸರದ ಸಂಗತಿ, ಏಕೆಂದರೆ ಖಾಲಿ ಹೊಟ್ಟೆಯ ಒಂದು ಅಲ್ಟ್ರಾಸೌಂಡ್ ಸಾಕಿತ್ತು.

ನಿನ್ನ ಓರಗಿತ್ತಿ ಈಗ ಏಳು ತಿಂಗಳ ಬಸುರಿಯಲ್ಲವೇ? ಅವಳಿಗೆ ಇದನ್ನು ಮರೆಯದೆ ಹೇಳು. ಬಸಿರಿನ ಕೊನೆಯ ತಿಂಗಳುಗಳಿಂದ ಹೆರಿಗೆಯ ನಂತರದ ಆರು ವಾರದವರೆಗೆ ಪಕ್ಕೆಲುಬಿನ ಕೆಳಗೆ ಬಲಕ್ಕೆ ನೋವು ಬಂದರೆ ಕಲ್ಲಿಗಿಂತ ಮೊದಲು ಬಿಪಿ ನೋಡಿಸಬೇಕು. 140/90 ಮುಟ್ಟಿದ್ದರೆ ಅವತ್ತೇ ಆಸ್ಪತ್ರೆ. 160/110 ಇದ್ದರೆ, ಇಲ್ಲವೇ ವಿಪರೀತ ತಲೆನೋವು, ಕಣ್ಣು ಮಂಜಾಗುವುದು ಇದ್ದರೆ ಒಂದು ನಿಮಿಷವೂ ಕಾಯುವಂತಿಲ್ಲ. ಬಿಪಿ ಏರಿ ಯಕೃತ್ತಿಗೆ ಪೆಟ್ಟು ಬಿದ್ದಾಗಲೂ ನೋವು ಇದೇ ಜಾಗದಲ್ಲಿ ಬರುತ್ತದೆ.

ನಿನಗೂ ರಾತ್ರಿ ಹೊರಡಬೇಕಾದ ಸಂದರ್ಭಗಳಿವೆ. ಚಳಿ ಜ್ವರ ಬಂದರೆ. ಕಣ್ಣು ಹಳದಿಯಾಗಿ ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿದರೆ, ಮಲ ಸುಣ್ಣದಂತೆ ಬಿಳಿಚಿದರೆ. ನೋವು ಐದಾರು ಗಂಟೆ ದಾಟಿದರೆ. ಹೊಟ್ಟೆಯ ನಡುವಿನಿಂದ ಬೆನ್ನಿಗೆ ಚುಚ್ಚಿದಂತಾಗಿ ವಾಂತಿ ನಿಲ್ಲದಿದ್ದರೆ. ಇವುಗಳಲ್ಲಿ ಒಂದೇ ಕಂಡರೂ ಬೆಳಗಾಗಲಿ ಎನ್ನಬೇಡ. ಪಾಪುವಿನ ಬಟ್ಟೆ, ಒಳಲೆ, ನಿನ್ನ ರಿಪೋರ್ಟುಗಳ ಕವರು ಒಂದೇ ಚೀಲದಲ್ಲಿ ಬಾಗಿಲ ಹತ್ತಿರ ಇರಲಿ.

ಆಪರೇಷನ್ ಆಗುವವರೆಗಿನ ಊಟ. ಜಿಡ್ಡು ಪೂರ್ತಿ ಬಿಡಬೇಡ. ಬಿಟ್ಟರೆ ಚೀಲ ಹಿಂಡಿಕೊಳ್ಳುವುದೇ ಇಲ್ಲ, ರಸ ಇನ್ನಷ್ಟು ನಿಲ್ಲುತ್ತದೆ. ಒಂದೇ ಹೊತ್ತಿಗೆ ಹೆಚ್ಚು ಬೀಳದಂತೆ ಹಂಚಿಕೊಳ್ಳಬೇಕು. ಒಂದು ಊಟಕ್ಕೆ ಎಣ್ಣೆ, ತುಪ್ಪ ಎಲ್ಲ ಸೇರಿ ಎರಡು ಟೀ ಚಮಚ, ಅಂದರೆ ಹತ್ತು ಗ್ರಾಂ, ಮೀರದಿರಲಿ. ಹಾಲೂಡಿಸುವ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲರಿ ಹೆಚ್ಚು ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ಅದು ತುಪ್ಪದಿಂದಲೇ ಬರಬೇಕೆಂದಿಲ್ಲ. ರಾಗಿ ಗಂಜಿ, ಇಡ್ಲಿ, ಸಬ್ಬಸಿಗೆ ಸೊಪ್ಪು ಹಾಕಿದ ಹೆಸರುಬೇಳೆ ತೊವ್ವೆ, ಬೇಯಿಸಿದ ಮೊಟ್ಟೆಯ ಬಿಳಿ, ಕೆನೆ ತೆಗೆದ ಮಜ್ಜಿಗೆ, ಬಾಳೆಹಣ್ಣು ಇದ್ದೇ ಇವೆ. ಹಾಲಿಗೆ 3% ಕೊಬ್ಬಿನ ಟೋನ್ಡ್ ಪ್ಯಾಕೆಟ್ ತರಿಸು. ಮೆಣಸಿನ ಸಾರು, ಬೆಳ್ಳುಳ್ಳಿ ಕಲ್ಲನ್ನೇನೂ ಮಾಡುವುದಿಲ್ಲ. ಬೆಳ್ಳುಳ್ಳಿಯನ್ನು ತುಪ್ಪದಲ್ಲಿ ಮುಳುಗಿಸಿ ಹುರಿಯದಿದ್ದರಾಯಿತು. ಊಟ ತಪ್ಪಿಸಬೇಡ, ಉಪವಾಸ, ಒಪ್ಪೊತ್ತು ಸದ್ಯಕ್ಕೆ ಬೇಡ. ತೂಕ ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ನೀನು ಜಿಡ್ಡು ಕಡಿಮೆ ತಿಂದರೆ ಹಾಲು ತೆಳುವಾಗುತ್ತದೆ ಎಂದು ಯಾರಾದರೂ ಅಂದರೆ ನಂಬಬೇಡ, ಎದೆಹಾಲಿನ ಕೊಬ್ಬಿನ ಪ್ರಮಾಣ ಹಾಗೆ ಕುಸಿಯುವುದಿಲ್ಲ.

ಬಾಳೆದಿಂಡಿನ ರಸ ಕುಡಿ ಎಂದು ನಿನ್ನ ಅತ್ತೆಯವರು ಹೇಳಿದ್ದಾರೆ. ಅವರ ಕಾಳಜಿ ದೊಡ್ಡದು, ಎದುರು ಮಾತಾಡಬೇಡ. ಆದರೆ ದಿಂಡಿನ ರಸ ನಮ್ಮಲ್ಲಿ ಬಳಕೆಯಲ್ಲಿರುವುದು ಮೂತ್ರಪಿಂಡದ ಕಲ್ಲಿಗೆ. ಅಲ್ಲಿ ಮೂತ್ರ ಹೆಚ್ಚಾದರೆ ಸಣ್ಣ ಕಲ್ಲು ಹೊರಬೀಳಬಹುದು. ಪಿತ್ತಕೋಶ ಆ ದಾರಿಯಲ್ಲೇ ಇಲ್ಲ, ಎಷ್ಟು ನೀರು ಕುಡಿದರೂ ಅದರ ಕಲ್ಲು ತೊಳೆದುಹೋಗುವುದಿಲ್ಲ. ಯೂಟ್ಯೂಬಿನಲ್ಲಿ ತೋರಿಸುವ ಆಲಿವ್ ಎಣ್ಣೆ, ನಿಂಬೆರಸದ ಉಪಾಯವಂತೂ ಅಪಾಯ. ಮರುದಿನ ಮಲದಲ್ಲಿ ಬೀಳುವ ಹಸಿರು ಉಂಡೆಗಳು ಆ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಿನಂತೆ ಗಟ್ಟಿಯಾದದ್ದು, ಕಲ್ಲಲ್ಲ. ಅಷ್ಟು ಎಣ್ಣೆ ಒಮ್ಮೆಗೇ ಒಳಗೆ ಹೋದರೆ ಚೀಲ ಹಿಂಡಿಕೊಂಡು ನೋವು ಖಂಡಿತ ಕೆರಳಬಹುದು.

ಕಲ್ಲು ಕರಗಿಸುವ ಮಾತ್ರೆ ಇದೆ, ಅರ್ಸೋಡಿಆಕ್ಸಿಕೋಲಿಕ್ ಆಸಿಡ್ ಎಂದು. ಅದು ಕೊಲೆಸ್ಟರಾಲಿನ ಸಣ್ಣ ಕಲ್ಲಿಗೆ ಮಾತ್ರ, ಆರು ತಿಂಗಳಿಂದ ಎರಡು ವರ್ಷ ನುಂಗಬೇಕು. ಕರಗಿದರೂ ಐದು ವರ್ಷದೊಳಗೆ ಸುಮಾರು ಅರ್ಧ ಜನಕ್ಕೆ ಮತ್ತೆ ಕಲ್ಲಾಗುತ್ತದೆ. ಕಪ್ಪು, ಕಂದು ಬಣ್ಣದ ಕಲ್ಲು ಅದಕ್ಕೆ ಬಗ್ಗುವುದೇ ಇಲ್ಲ. ನೋವೇ ಇಲ್ಲದೆ ಅಕಸ್ಮಾತ್ ಸ್ಕ್ಯಾನಿನಲ್ಲಿ ಕಂಡ ಕಲ್ಲಾಗಿದ್ದರೆ ಬಿಟ್ಟುಬಿಡು ಎನ್ನುತ್ತಿದ್ದೆ. ನಿನಗೆ ಮೂರು ಸಲ ನೋವು ಬಂದಿದೆ. ಬಂದ ನೋವು ಮತ್ತೆ ಬರುತ್ತದೆ. ಪಾಪು ದೊಡ್ಡವನಾಗಲಿ ಎಂದು ಕಾದು, ಸೋಂಕಾದ ಮೇಲೆ ತುರ್ತಿನಲ್ಲಿ ಕೊಯ್ಯಿಸಿಕೊಳ್ಳುವುದಕ್ಕಿಂತ ಈಗ ದಿನ ಗೊತ್ತುಮಾಡಿಕೊಳ್ಳುವುದು ಮೇಲು. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ.

ಕಲ್ಲು ಮಾತ್ರ ತೆಗೆದು ಚೀಲ ಉಳಿಸಲಾಗದೇ ಎಂದು ಅಳಿಯಂದಿರು ಕೇಳಿದರು. ಉಳಿಸಿದರೆ ಅದೇ ಚೀಲ ಮತ್ತೆ ಕಲ್ಲು ಕಟ್ಟುತ್ತದೆ. ಬರ್ಲಿನ್ನಿನಲ್ಲಿ ಕಾರ್ಲ್ ಲಾಂಗೆನ್‌ಬುಖ್ ಎಂಬ ಸರ್ಜನ್ 1882ರಲ್ಲಿ ಮೊದಲ ಬಾರಿಗೆ ಚೀಲವನ್ನೇ ತೆಗೆದದ್ದು ಈ ಕಾರಣಕ್ಕೇ. ಹೊಟ್ಟೆ ತೆರೆಯದೆ ಸಣ್ಣ ರಂಧ್ರಗಳ ಮೂಲಕ ತೆಗೆಯುವುದೂ ಹೊಸದೇನಲ್ಲ, ಮುಂಬೈಯಲ್ಲಿ ಟೆಹೆಮ್ಟನ್ ಉದ್ವಾಡಿಯಾ 1990ರಲ್ಲೇ ಮಾಡಿದ್ದರು. ಚೀಲ ಹೋದ ಮೇಲೆ ಪಿತ್ತರಸ ಯಕೃತ್ತಿನಿಂದ ನೇರ ಕರುಳಿಗೆ ತೊಟ್ಟಿಕ್ಕುತ್ತಿರುತ್ತದೆ. ಕೆಲವರಿಗೆ ಮೊದಮೊದಲು ಜಿಡ್ಡು ತಿಂದರೆ ಭೇದಿಯಾಗುತ್ತದೆ, ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ.

ಆಪರೇಷನ್ನಿಗೆ ಮೊದಲು ರಕ್ತಪರೀಕ್ಷೆ: ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ವಸ್ತು), ಯಕೃತ್ತಿನ ಕಿಣ್ವಗಳು, ಲೈಪೇಸ್ (ಮೇದೋಜೀರಕದ ಕಿಣ್ವ). ಏರಿದ್ದರೆ ನಾಳದಲ್ಲಿ ಕಲ್ಲಿದೆಯೇ ಎಂದು ಎಂಆರ್‌ಸಿಪಿ ಮಾಡಿಸುತ್ತಾರೆ; ಅದು ಎಂಆರ್‌ಐ ಯಂತ್ರದ್ದೇ ಚಿತ್ರ, ಅದಕ್ಕಾಗಿ ಹಾಲು ನಿಲ್ಲಿಸಬೇಕಿಲ್ಲ. ಸಿಸೇರಿಯನ್ ಆಗಿದ್ದನ್ನು ಸರ್ಜನ್‌ಗೂ ಅರಿವಳಿಕೆ ಡಾಕ್ಟರಿಗೂ ನೀನೇ ಬಾಯಿಬಿಟ್ಟು ಹೇಳು.

ಪಾಪುವಿನ ಏರ್ಪಾಡು ಮೂರು ದಿನ ಮೊದಲೇ ಶುರುವಾಗಲಿ. ಬೆಳಗಿನ ಹಾಲೂಡಿಸಿದ ಮೇಲೆ ದಿನಕ್ಕೆ 100 ಮಿ.ಲೀ.ಯಷ್ಟು ಹಿಂಡಿ, ತಾರೀಖು ಬರೆದು ಫ್ರಿಜ್ಜಿನಲ್ಲಿಡು, ನಾಲ್ಕು ದಿನ ಇರುತ್ತದೆ. ಹೊರಗೆ ನಾಲ್ಕು ಗಂಟೆ ಇಡಬಹುದು ಎನ್ನುವುದು 25 ಡಿಗ್ರಿಯ ಲೆಕ್ಕ, ಬಳ್ಳಾರಿಯ ಬಿಸಿಲಿಗೆ ಅದು ಒಪ್ಪುವುದಿಲ್ಲ. ಸುಮಾರು 300 ಮಿ.ಲೀ. ಇದ್ದರೆ ಮೂರು ಹೊತ್ತು ಸಾಗುತ್ತದೆ. ಒಳಲೆಯಲ್ಲಿ ಕುಡಿಯುವುದನ್ನು ಈಗಿನಿಂದಲೇ ಅಭ್ಯಾಸ ಮಾಡಿಸಿ, ಆದರೆ ಕುಡಿಸುವವರು ನೀನಾಗಬಾರದು. ಅಮ್ಮನ ವಾಸನೆ ಸಿಕ್ಕರೆ ಮಗು ಒಳಲೆ ಒಪ್ಪುವುದಿಲ್ಲ. ಆಪರೇಷನ್ನಿನ ದಿನ ಆರು ಗಂಟೆ ಮೊದಲಿನಿಂದ ಊಟವಿಲ್ಲ, ಬರೀ ನೀರನ್ನು ಎರಡು ಗಂಟೆ ಮೊದಲಿನವರೆಗೆ ಬಿಡುತ್ತಾರೆ. ಥಿಯೇಟರಿಗೆ ಹೋಗುವ ಮುಂಚೆ ಕೊನೆಯ ಸಲ ಹಾಲೂಡಿಸಿಬಿಡು, ಇಲ್ಲದಿದ್ದರೆ ಎದೆ ಕಟ್ಟುತ್ತದೆ.

ಹೊಕ್ಕುಳಲ್ಲಿ ಒಂದು, ಎದೆಮೂಳೆಯ ಕೆಳಗೆ ಒಂದು, ಬಲ ಪಕ್ಕೆಯಲ್ಲಿ ಎರಡು ಸಣ್ಣ ರಂಧ್ರ. ಹೊಟ್ಟೆಗೆ ಗಾಳಿಯಂತೆ ಇಂಗಾಲದ ಡೈಆಕ್ಸೈಡ್ ತುಂಬಿ, ಚೀಲದ ನಾಳ ಮತ್ತು ರಕ್ತನಾಳವನ್ನು ಬಿಡಿಸಿಕೊಂಡು ಕ್ಲಿಪ್ ಹಾಕಿ ಕತ್ತರಿಸುತ್ತಾರೆ. ಮುಖ್ಯ ಪಿತ್ತನಾಳಕ್ಕೆ ಪೆಟ್ಟಾಗುವುದು ಸಾವಿರದಲ್ಲಿ ಮೂರರಿಂದ ಐದು ಜನಕ್ಕೆ. ಒಳಗೆ ಅಂಟಿಕೊಂಡು ಸರಿಯಾಗಿ ಕಾಣದಿದ್ದರೆ ಸರ್ಜನ್ ಹೊಟ್ಟೆ ತೆರೆದೇ ಮಾಡಬಹುದು. ಅದು ಸೋಲಲ್ಲ, ಎಚ್ಚರಿಕೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಅಳಿಯಂದಿರಿಗೆ ಇದು ಗೊತ್ತಿರಲಿ.

ಪೂರ್ತಿ ಎಚ್ಚರವಾಗಿ, ಮಗುವನ್ನು ಹಿಡಿಯುವಷ್ಟು ಶಕ್ತಿ ಬಂದ ಕೂಡಲೇ ಹಾಲೂಡಿಸಬಹುದು. ಅರಿವಳಿಕೆ ಕೊಟ್ಟಿದ್ದಾರೆಂದು ಹಾಲು ಹಿಂಡಿ ಚೆಲ್ಲಬೇಕಿಲ್ಲ. ನೋವಿಗೆ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಡೆಯುತ್ತವೆ. ಟ್ರಾಮಡಾಲ್, ಕೋಡೀನ್ ಬೇಡ ಎಂದು ಮೊದಲೇ ಹೇಳಿಡು: ಕೆಲವು ತಾಯಂದಿರ ದೇಹ ಅವನ್ನು ಬೇಗ ತೀಕ್ಷ್ಣ ರೂಪಕ್ಕೆ ಬದಲಿಸುತ್ತದೆ, ಹಾಲಿನ ಮೂಲಕ ಹೋಗಿ ಮಗುವಿನ ಉಸಿರು ನಿಧಾನವಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಈ ಎಚ್ಚರಿಕೆ ಕೊಟ್ಟಿದೆ. ಬಲ ಹೆಗಲು ಒಂದೆರಡು ದಿನ ನೋಯುತ್ತದೆ, ಉಳಿದ ಗಾಳಿಯಿಂದ; ಎದ್ದು ಓಡಾಡಿದರೆ ಬೇಗ ಹೋಗುತ್ತದೆ. ಮಗ್ಗುಲಲ್ಲಿ ಮಲಗಿಕೊಂಡು ಹಾಲೂಡಿಸು, ಇಲ್ಲವೇ ಪಾಪುವನ್ನು ಕಂಕುಳಡಿ ದಿಂಬಿನ ಮೇಲಿಟ್ಟು ಅವನ ಕಾಲು ನಿನ್ನ ಬೆನ್ನ ಕಡೆಗಿರಲಿ, ಆಗ ಗಾಯಕ್ಕೆ ಒದೆಯುವುದಿಲ್ಲ. ಅವನನ್ನು ಎತ್ತಿಕೊಳ್ಳಬಹುದು, ನೀರಿನ ಕೊಡ ಎತ್ತುವಂತಿಲ್ಲ. ಎಣ್ಣೆ ನೀರು, ಹೊಟ್ಟೆ ಕಟ್ಟುವುದು ಗಾಯ ಮಾಯುವವರೆಗೆ ಬಿಡಲಿ. ಮನೆಗೆ ಬಂದ ಮೇಲೆ ನೋವು ಇಳಿಯುವ ಬದಲು ಏರಿದರೆ, ಜ್ವರ ಬಂದರೆ, ಕಣ್ಣು ಹಳದಿಯಾದರೆ ತಕ್ಷಣ ವಾಪಸ್ ಹೋಗಬೇಕು. ತೆಗೆದ ಚೀಲದ ಬಯಾಪ್ಸಿ ರಿಪೋರ್ಟನ್ನು ಮರೆಯದೆ ಕೇಳಿ ಇಸಕೊಳ್ಳಿ.

ಇನ್ನೊಂದು ವಿಷಯ ನಿಮ್ಮಿಬ್ಬರದು, ಆದರೂ ಹೇಳುತ್ತೇನೆ. ಗರ್ಭನಿರೋಧಕ ಮಾತ್ರೆ ಕೇಳುವಾಗ ಪಿತ್ತಕೋಶದ ಕಲ್ಲಿನ ಮಾತು ಎತ್ತು. ಈಸ್ಟ್ರೋಜನ್ ಇರುವ ಮಾತ್ರೆ ಕಲ್ಲಿಗೂ ಒಳ್ಳೆಯದಲ್ಲ, ಹಾಲನ್ನೂ ಕಡಿಮೆ ಮಾಡಬಹುದು. ಕಾಪರ್-ಟಿಯಲ್ಲಿ ಹಾರ್ಮೋನೇ ಇಲ್ಲ.

ಸೋಮವಾರ ಸರ್ಜನ್ ಇನ್ನೊಮ್ಮೆ ಸ್ಕ್ಯಾನ್ ಬೇಕೆಂದಿದ್ದಾರಲ್ಲ, ಬೆಳಗಿನ ಮೊದಲ ಸರದಿಯನ್ನೇ ಕೇಳು. ರಾತ್ರಿ ಹತ್ತಕ್ಕೆ ಊಟ ಮುಗಿಸು, ಆಮೇಲೆ ನೀರು ಮಾತ್ರ. ಕಾಫಿ ಕುಡಿದರೂ ಚೀಲ ಕುಗ್ಗಿ ಸಣ್ಣ ಕಲ್ಲು ಮರೆಯಾಗಬಹುದು. ಒಳಗೆ ಕರೆಯುವ ಹತ್ತು ನಿಮಿಷ ಮೊದಲು ಪಾಪುವಿಗೆ ಹಾಲೂಡಿಸು. ಡಬ್ಬಿಯಲ್ಲಿ ಇಡ್ಲಿ ಒಯ್ದು, ಹೊರಗೆ ಬಂದ ತಕ್ಷಣ ತಿನ್ನು. ನಾನು ಭಾನುವಾರ ರಾತ್ರಿಯ ಬಸ್ಸಿಗೆ ಹೊರಡುತ್ತೇನೆ.

ನಿನ್ನ
ಅಮ್ಮ