ಭಕ್ತಿಪುಸ್ತಕ ಕೊಳ್ಳುವ ಮುನ್ನ

ಮಾನ್ಯರೇ,

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ನಮ್ಮ ಚರ್ಚ್ ಅಂಗಳದಲ್ಲಿ ಪುಸ್ತಕದ ಮೇಜು ಹಾಕುತ್ತಾರೆ. ಸಾಲ ತೀರುತ್ತದೆ, ರೋಗ ವಾಸಿಯಾಗುತ್ತದೆ ಎಂದು ಮುಖಪುಟದಲ್ಲೇ ಭರವಸೆ ಕೊಡುವ ಅನುವಾದಗಳೇ ಬೇಗ ಖರ್ಚಾಗುತ್ತವೆ. ನೀತಿವಂತನಾಗಿದ್ದೂ ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡ ಬೈಬಲಿನ ಯೋಬನ ಕಥೆ ಓದಿದವರು ಇದನ್ನು ನಂಬುತ್ತಾರೆಯೇ? ನಾನಂತೂ ನಡುವಿನ ಪುಟ ತೆರೆದು, ಅಲ್ಲಿ ಕೊಟ್ಟ ವಚನದ ಹಿಂದುಮುಂದನ್ನು ಬೈಬಲಿನಲ್ಲೇ ನೋಡುತ್ತೇನೆ. ಬಲಪಡಿಸುವಾತನಿಂದ ಎಲ್ಲವನ್ನೂ ಮಾಡಬಲ್ಲೆ ಎನ್ನುವ, ಅಪೊಸ್ತಲ ಪೌಲನ ಪತ್ರದ ವಚನವಾದ ಫಿಲಿಪ್ಪಿಯವರಿಗೆ 4:13 ಅನ್ನು ಪರೀಕ್ಷೆ ಪಾಸಾಗುವ ಮಂತ್ರ ಮಾಡಿದ್ದರೆ ಪುಸ್ತಕ ಅಲ್ಲೇ ಕೆಳಗಿಡುತ್ತೇನೆ; ಪೌಲ ಅಲ್ಲಿ ಹೇಳುವುದು ಹಸಿವಿನಲ್ಲೂ ತೃಪ್ತನಾಗಿರುವ ಬಗ್ಗೆ. ಹೊಸಬರಿಗೆ 16 ಅಧ್ಯಾಯಗಳ ಮಾರ್ಕನ ಸುವಾರ್ತೆಯೇ ಸಾಕು.

ಕಿಟ್ಟೆಲರು 1862ರಲ್ಲೇ ಯೇಸುಚರಿತೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು. ಈಗಿನ ಪ್ರಕಾಶಕರೂ ಕನ್ನಡದಲ್ಲೇ ಹುಟ್ಟಿದ ಬರಹ ಕೊಡಲಿ, ದಪ್ಪಕ್ಷರದಲ್ಲಿ. ಬೈಂಡಿಗೆ ಹೊಲಿಗೆ ಇರಲಿ. ಬರೀ ಅಂಟು ಹಾಕಿದ್ದು ಮಲೆನಾಡಿನ ಮಳೆಗೆ ಬಿಚ್ಚಿಕೊಳ್ಳುತ್ತದೆ.

– ಸಂಡೇ ಸ್ಕೂಲ್ ಶಿಕ್ಷಕಿ, ಶಿವಮೊಗ್ಗ