ಹಾಡಿಯ ಲೆಕ್ಕ ಹಾಡಿಗೇ ಗೊತ್ತಿಲ್ಲ

ಮಾನ್ಯರೇ,

ತೀರಾ ಹಿಂದುಳಿದ 75 ಬುಡಕಟ್ಟು ಸಮುದಾಯಗಳಿಗಾಗಿ ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಪಿಎಂ-ಜನಮನ್ ಯೋಜನೆ ಶುರು ಮಾಡಿತು. ಸುಮಾರು 24 ಸಾವಿರ ಕೋಟಿ ರೂಪಾಯಿಯ ಯೋಜನೆ. ನಮ್ಮ ರಾಜ್ಯದ ಜೇನು ಕುರುಬರು ಮತ್ತು ಕೊರಗರು ಆ ಪಟ್ಟಿಯಲ್ಲಿದ್ದಾರೆ. ಒಂದು ಪಕ್ಕಾ ಮನೆಗೆ 2.39 ಲಕ್ಷ ರೂಪಾಯಿ. ಕಾಡಂಚಿಗೆ ಜಲ್ಲಿ, ಸಿಮೆಂಟು ಸಾಗಿಸುವ ಬಾಡಿಗೆ ನೆನೆದರೆ ಇದೇನೂ ಜಾಸ್ತಿ ಅಲ್ಲ, ಅದು ಬೇರೆ ಮಾತು.

ಈಚೆಗೆ ಒಂದು ಹಾಡಿಗೆ, ಅಂದರೆ ಕಾಡಂಚಿನ ಬುಡಕಟ್ಟು ಜನರ ಕೇರಿಗೆ, ಹೋಗಿದ್ದೆ. ಒಂದು ಮನೆ ತಳಪಾಯಕ್ಕೇ ನಿಂತಿತ್ತು. ಎಷ್ಟು ಕಂತು ಬಂತು ಅಜ್ಜಿ ಎಂದು ಕೇಳಿದೆ. ‘ಕಂಟ್ರಾಕ್ಟರ್‌ಗೇ ಗೊತ್ತು ಸ್ವಾಮಿ’ ಅಂದರು. ಪಾಸ್‌ಬುಕ್ ಕೂಡ ಅವನ ಹತ್ತಿರವೇ ಇದೆಯಂತೆ! ಖಾತೆ ಅಜ್ಜಿಯದು, ದುಡ್ಡು ಅಜ್ಜಿಯದು, ಲೆಕ್ಕ ಮಾತ್ರ ಇನ್ನೊಬ್ಬರದು.

ಕಾನೂನು ಇಲ್ಲ ಅಂತಲ್ಲ. ಇಂಥ ಯೋಜನೆಗಳ ಖರ್ಚು, ಫಲಾನುಭವಿಗಳ ವಿವರವನ್ನು ಯಾರೂ ಅರ್ಜಿ ಹಾಕದಿದ್ದರೂ ಇಲಾಖೆಗಳೇ ಪ್ರಕಟಿಸಬೇಕು ಎಂದು ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಆದರೆ ವೆಬ್‌ಸೈಟಿಗೆ ಹಾಕಿ ಕೈತೊಳೆದುಕೊಂಡರೆ, ನೆಟ್‌ವರ್ಕ್ ಇಲ್ಲದ ಹಾಡಿಯವರು ನೋಡುವುದಾದರೂ ಹೇಗೆ? ಮರ ಹತ್ತಿ ನೋಡಬೇಕಾ?

ಯಾರ ಮನೆಗೆ ಎಷ್ಟು ಬಂತು, ಯಾವ ಕಂತು ಬಾಕಿ ಅಂತ ಅಂಗನವಾಡಿಯ ಗೋಡೆ ಮೇಲೆ ಬರೆಸಲಿ. ಅದನ್ನು ಹಾಡಿಯ ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಲಿ. ಅದಕ್ಕೂ ಮೊದಲು ಆ ಪಾಸ್‌ಬುಕ್ ಅಜ್ಜಿಯ ಕೈಗೆ ವಾಪಸ್ ಬರಲಿ.

– ಒಬ್ಬ ಓದುಗ, ಹುಣಸೂರು