ಬರ್ಟ್ ವಿಲಿಯಮ್ಸ್ ಅವರ ಕಸುಬನ್ನೂ ನೆನೆಯೋಣ

ಮಾನ್ಯ ಸಂಪಾದಕರೇ,

ಅಮೆರಿಕದ ಹಾಸ್ಯನಟರನ್ನು ಕುರಿತು ನಮ್ಮ ಪತ್ರಿಕೆಗಳಲ್ಲಿ ಬರುವ ಬರಹಗಳು ಬಹುಮಟ್ಟಿಗೆ ಚಾರ್ಲಿ ಚಾಪ್ಲಿನ್ ಅವರಿಂದಲೇ ಆರಂಭವಾಗುತ್ತವೆ. ಹಾಡು, ಕುಣಿತ, ಕಸರತ್ತು, ಹಾಸ್ಯಗಳನ್ನು ಒಂದೇ ಸಂಜೆ ಒಂದರ ಹಿಂದೊಂದರಂತೆ ಉಣಬಡಿಸುತ್ತಿದ್ದ ವಾಡೆವಿಲ್ ರಂಗದಲ್ಲಿ ಅವರಿಗಿಂತ ಮೊದಲೇ ಹೆಸರಾಗಿದ್ದ ಬರ್ಟ್ ವಿಲಿಯಮ್ಸ್ ಅವರ ಪ್ರಸ್ತಾಪ ಎಲ್ಲೋ ಒಮ್ಮೆ ಬಂದರೂ, ವರ್ಣಭೇದದ ನೋವುಂಡ ಕಲಾವಿದರೆಂಬ ಒಂದು ಸಾಲಿಗೆ ಮುಗಿದುಹೋಗುತ್ತದೆ. ಆ ನೋವು ನಿಜವಾದದ್ದೇ. ಆದರೆ ಅವರ ಕಸುಬನ್ನು ಮರೆಯುವುದು ಇನ್ನೊಂದು ಅನ್ಯಾಯವೆಂದು ನನ್ನ ಭಾವನೆ.

1874ರಲ್ಲಿ ಬಹಾಮಾಸ್‌ನ ನಸ್ಸೌನಲ್ಲಿ ಹುಟ್ಟಿದ ವಿಲಿಯಮ್ಸ್, 1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಾರ್ಜ್ ವಾಕರ್ ಅವರೊಡನೆ ಜೋಡಿ ಕಟ್ಟಿದರು. ರಂಗದ ಮೇಲೆ ವಾಕರ್ ಚುರುಕಿನ ಶೋಕಿಲಾಲನಾದರೆ, ವಿಲಿಯಮ್ಸ್ ಕೈಹಾಕಿದ್ದೆಲ್ಲ ಕೆಡುವ ನಿಧಾನಿ. ಕಪ್ಪು ಕಲಾವಿದರೇ ಬರೆದು ಆಡಿದ 'ಇನ್ ದಹೋಮಿ' ಎಂಬ ಸಂಗೀತ ನಾಟಕವನ್ನು 1903ರಲ್ಲಿ ನ್ಯೂಯಾರ್ಕ್‌ನ ರಂಗಮಂದಿರಗಳ ಬೀದಿಯಾದ ಬ್ರಾಡ್‌ವೇಗೆ ತಂದ ಈ ಜೋಡಿ, ಅದೇ ವರ್ಷ ಬಕಿಂಗ್‌ಹ್ಯಾಮ್ ಅರಮನೆಯಲ್ಲೂ ಆಡಿತು. ವಾಕರ್ ಕಾಯಿಲೆ ಬಿದ್ದ ಬಳಿಕ, 1910ರಲ್ಲಿ ವಿಲಿಯಮ್ಸ್ ಒಬ್ಬರೇ ಹಾಡು, ಕುಣಿತ, ಹಾಸ್ಯಗಳ ಹೆಸರಾಂತ ಮೇಳವಾದ ಝೀಗ್‌ಫೆಲ್ಡ್ ಫಾಲೀಸ್ ಸೇರಿದರು. ಬಿಳಿಯರೇ ತುಂಬಿದ್ದ ಆ ಮೇಳದಲ್ಲಿ ಪ್ರಮುಖ ನಟರಾಗಿ ನಿಂತ ಮೊದಲ ಕಪ್ಪು ಕಲಾವಿದರು ಅವರು.

ಅಂದಿನ ರಂಗರೂಢಿಗೆ ಕಟ್ಟುಬಿದ್ದು, ತಿಳಿ ಮೈಬಣ್ಣದ ಅವರು ಸುಟ್ಟ ಬಿರಡೆಯ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ಕಪ್ಪು ಜನರನ್ನು ಅಣಕಿಸಲೆಂದೇ ಬಿಳಿಯರು ಕಟ್ಟಿದ ವೇಷದಲ್ಲಿ ನಿಲ್ಲಬೇಕಾಯಿತು. ಅದೇ ವೇಷದೊಳಗಿಂದ ಅವರು ಅಣಕವಲ್ಲದ ಒಬ್ಬ ಮನುಷ್ಯನನ್ನು ಕಡೆದು ನಿಲ್ಲಿಸಿದರು. ಅವರ ಪೋಕರ್ ಆಟದ ಮೂಕಾಭಿನಯದಲ್ಲಿ ಇಸ್ಪೀಟಿನ ಎಲೆಗಳೂ ಇಲ್ಲ, ಎದುರಾಳಿಗಳೂ ಇಲ್ಲ. ಕೈಗೆ ಒಳ್ಳೆಯ ಎಲೆ ಬಂದಾಗಿನ ಸಂತೋಷವನ್ನು ಬಚ್ಚಿಡುವ ಪಾಡು, ಪಕ್ಕದವನ ಮೇಲಿನ ಗುಮಾನಿ, ಕಡೆಗೆ ಸೋತಾಗ ಇಳಿದುಹೋಗುವ ಮುಖ, ಇಷ್ಟರಿಂದಲೇ ಇಡೀ ಆಟ ನಮ್ಮ ಕಣ್ಣಿಗೆ ಕಟ್ಟುತ್ತದೆ. 1916ರ ಮೂಕಿ ಚಿತ್ರವೊಂದರಲ್ಲಿ ಉಳಿದಿರುವ ಈ ದೃಶ್ಯವನ್ನು ನಟನೆ ಕಲಿಯುವ ಪ್ರತಿಯೊಬ್ಬರೂ ನೋಡಬೇಕು.

ತಾವು ಕಂಡವರಲ್ಲಿ ಎಲ್ಲರಿಗಿಂತ ಹೆಚ್ಚು ನಗಿಸಿದವರೂ, ತಾವು ಬಲ್ಲವರಲ್ಲಿ ಎಲ್ಲರಿಗಿಂತ ದುಃಖಿಯೂ ವಿಲಿಯಮ್ಸ್ ಅವರೇ ಎಂದು ಸಹನಟ ಡಬ್ಲ್ಯು. ಸಿ. ಫೀಲ್ಡ್ಸ್ ಹೇಳಿದ್ದರು. ಬರೆಯುವವರು ಈ ಮಾತಿನ ಉತ್ತರಾರ್ಧವನ್ನಷ್ಟೇ ಹಿಡಿದುಕೊಳ್ಳುತ್ತಾರೆ. 1922ರ ಫೆಬ್ರುವರಿಯಲ್ಲಿ ವಿಲಿಯಮ್ಸ್ ಡೆಟ್ರಾಯಿಟ್‌ನ ರಂಗದ ಮೇಲೆ ಕುಸಿದಾಗ ಪ್ರೇಕ್ಷಕರು ಅದನ್ನೂ ಅಭಿನಯವೆಂದೇ ಭಾವಿಸಿದ್ದರು. ಮಾರ್ಚ್ 4ರಂದು, 47ನೆಯ ವಯಸ್ಸಿನಲ್ಲಿ, ಅವರು ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು.

ತಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಅವರ ಅಭಿನಯವನ್ನೇ ಕೇಂದ್ರವಾಗಿಟ್ಟುಕೊಂಡ ಲೇಖನವೊಂದನ್ನು ರಂಗಭೂಮಿ ಬಲ್ಲವರಿಂದ ಬರೆಯಿಸಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ರಂಗಾಸಕ್ತ ಓದುಗ